ಕಾಮನ ಬೆಂಕಿ ಆರಿಸಿದ ಮಿಲ್ಟ್ರಿ ನೀಲಪ್ಪ

ಕೆಂಚಿಕೊಪ್ಪದ ನೀಲಪ್ಪ ಮೊದಲು ಮಿಲಿಟರಿಯಲ್ಲಿ, ಆಮೇಲೆ ಅಗ್ನಿಶಾಮಕ ದಳದಲ್ಲಿ ದುಡಿದವನು. ಆರಿಸಿದ ಬೆಂಕಿ ನೂರಾರು. ಆದರೆ ಊರವರನ್ನು ಕೇಳಿ ನೋಡಿ, ಒಂದೇ ಬೆಂಕಿಯ ಕಥೆ ಹೇಳುತ್ತಾರೆ. ಅದೂ ಆರಿಸಬಾರದಾಗಿದ್ದ ಬೆಂಕಿ!

ತಿಳವಳ್ಳಿಯಿಂದ ಎರಡು ಮೈಲಿ ಕೆಂಚಿಕೊಪ್ಪ. ಅಲ್ಲಿಯ ಕೆಳಗಿನ ಕೇರಿಯ ಗುತ್ತೆವ್ವನಿಗೆ ಇವನೊಬ್ಬನೇ ಮಗ. ಹತ್ತೊಂಬತ್ತನೇ ವಯಸ್ಸಿನಲ್ಲಿ ಧಾರವಾಡಕ್ಕೆ ಹೋಗಿ, ಎದೆ ಉಬ್ಬಿಸಿ ನಿಂತು, ಸೈನ್ಯಕ್ಕೆ ಸೇರಿದ. ಸ್ವಂತಕ್ಕೊಂದು ಎತ್ತಿನ ಬಂಡಿ ಕಾಣದವನ ಕೈಗೆ ಸರ್ಕಾರ ಮೂರು ಟನ್ನಿನ ಲಾರಿ ಕೊಟ್ಟಿತು. ಎಪ್ಪತ್ತೊಂದರ ಯುದ್ಧದಲ್ಲಿ ಮದ್ದುಗುಂಡು ತುಂಬಿದ ಅದೇ ಲಾರಿಯ ತಾಡಪತ್ರಿಗೆ ಬೆಂಕಿ ಹತ್ತಿದಾಗ ಉಳಿದವರು ಎದ್ದೆನೋ ಬಿದ್ದೆನೋ ಎಂದು ಓಡಿದರು. ನೀಲಪ್ಪ ಮಾತ್ರ ಕೆಳಗಿಳಿಯದೆ ಲಾರಿಯನ್ನು ನೆಟ್ಟಗೆ ಕೆರೆಗೇ ಇಳಿಸಿದ. "ಹೆದರಿಕೆ ಆಗಲಿಲ್ಲವೇ?" ಎಂದು ಸಾಹೇಬರು ಕೇಳಿದರೆ, "ಆಯಿತು ಸಾಹೇಬರೇ, ಆದರೆ ಲಾರಿ ನನ್ನ ಹೆಸರಿನಲ್ಲಿತ್ತಲ್ಲ" ಎಂದು ತನಗೆ ಬಂದಷ್ಟು ಹಿಂದಿಯಲ್ಲಿ ಹೇಳಿದನಂತೆ. ಆ ಸಂಜೆ ಸಾಹೇಬರು ತಮ್ಮ ಮಗ್ಗಿನಲ್ಲೇ ಅವನಿಗೆ ಅರ್ಧ ಚಹಾ ಕೊಟ್ಟರು. ಆಮೇಲೆ ಬಂದ ಪದಕದ ಮಾತನ್ನು ನೀಲಪ್ಪ ಎಂದೂ ಎತ್ತುತ್ತಿರಲಿಲ್ಲ. ಈ ಅರ್ಧ ಮಗ್ಗಿನ ಮಾತನ್ನು ಬಿಡುತ್ತಲೇ ಇರಲಿಲ್ಲ.

ಸೈನ್ಯ ಬಿಟ್ಟು ಬಂದವನು ಎಪ್ಪತ್ತಾರರಲ್ಲಿ ಕೇರಿಯಲ್ಲಿ ಹಂಚಿನ ಮನೆ ಕಟ್ಟಿಸಿ, ಮುಂದೆ ಹತ್ತು ಮಂದಿ ಕೂರುವಂಥ ಕಟ್ಟೆ ಹಾಕಿಸಿದ. ಗುತ್ತೆವ್ವ ಹಾನಗಲ್ಲಿನ ಸಂತೆಗೆ ಹೋಗಿ ಬಳೆಗಾರ್ತಿ ಚಾಂದಬಿಯ ಅಂಗಡಿಯಲ್ಲಿ ಹೂವಿನ ಚಿತ್ರದ ಒಂದು ಡಜನ್ ಕಪ್ಪು-ಬಸಿ ತಂದಳು. ಗೃಹಪ್ರವೇಶಕ್ಕೆ ಮೇಲಿನ ಕೇರಿಯ ಹಿರಿಯರೂ ಬಂದರು. ಬಂದರು ಎಂದರೆ, ಅಂಗಳದಲ್ಲಿ ನಿಂತರು. "ಮನಿ ಚಂದ ಆಗೇತಿ ಬಿಡೋ" ಎಂದರು. ಚಹಾ ಎಂದ ಕೂಡಲೇ "ಈಗಷ್ಟ ಆತು" ಎಂದು ಎಲ್ಲರೂ ಒಂದೇ ಬಾಯಿಂದ ಹೇಳಿ ಹೊರಟುಹೋದರು. ಆ ಕೇರಿಯ ನೀರು ಅವರಿಗೆ ನಡೆಯುತ್ತಿರಲಿಲ್ಲ, ಇರುವ ಮಾತು ಇಷ್ಟೇ. ಕೊಡಪಾನದಷ್ಟು ಚಹಾವನ್ನು ಗುತ್ತೆವ್ವ ಎಮ್ಮೆಯ ಮುಂದಿಟ್ಟಳು. ಎಮ್ಮೆ ಎರಡು ದಿನ ನಿದ್ದೆ ಮಾಡಲಿಲ್ಲ.

"ಇರ್ಲಿ ಬಿಡಪಾ. ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನು? ಇವತ್ತಿಲ್ಲಾ ನಾಳೆ ಬರ್ತಾರ" ಎಂದು ಆಕೆ ಕಪ್ಪುಗಳನ್ನು ಮಗನ ಮಿಲಿಟರಿ ಕಂಬಳಿಯಲ್ಲಿ ಸುತ್ತಿ ಅಟ್ಟಕ್ಕೇರಿಸಿದಳು.

ನೀಲಪ್ಪ ಎಮ್ಮೆಯ ಕಥೆ ಹೇಳಿ ಎಲ್ಲರನ್ನೂ ನಗಿಸುತ್ತಿದ್ದ. ಒಬ್ಬನೇ ಇದ್ದಾಗ ಮಾತ್ರ ಬೇರೆಯದೇ ಲೆಕ್ಕ ಹಾಕುತ್ತಿದ್ದ. ಎಲ್ಲಿಯವರೋ ಸಾಹೇಬರು ತಮ್ಮ ಮಗ್ಗಿನಲ್ಲಿ ಕೊಟ್ಟರು, ನನ್ನೂರವರು ನನ್ನ ಅವ್ವನ ಕೈಯಿಂದ ಒಂದು ಗುಟುಕು ಕುಡಿಯಲಿಲ್ಲವಲ್ಲ! ಅವ್ವನಿಗಾಗಲೇ ಅರವತ್ತು ದಾಟಿತ್ತು. ಆಕೆ ಇರುವಾಗಲೇ ಆ ಕಪ್ಪುಗಳು ಅಟ್ಟದಿಂದ ಇಳಿಯಬೇಕು. ಅವನಿಗಿದ್ದದ್ದು ಅದೊಂದೇ ಆಸೆ.

ಅಷ್ಟರಲ್ಲಿ ಅಗ್ನಿಶಾಮಕ ದಳದಲ್ಲಿ ಡ್ರೈವರ್ ಕೆಲಸ ಸಿಕ್ಕಿತ್ತು. ಸವಣೂರಿನ ಎಲೆತೋಟದ ಗುಡಿಸಲು, ಶಿಗ್ಗಾವಿಯ ಅರಳೆಯ ರಾಶಿ, ಎಲ್ಲಿ ಹೊಗೆ ಎದ್ದರೂ ನೀಲಪ್ಪನ ಕೆಂಪು ಗಾಡಿ ಹಾಜರು. ಜನ ಅದನ್ನು ಬಂಬು ಎನ್ನುತ್ತಿದ್ದರು. ಹಿರೇಕೆರೂರಿನ ಕಡೆ ಒಮ್ಮೆ ಬಾವಿಗೆ ಬಿದ್ದ ಕೋಣವನ್ನು ಎತ್ತಿದ್ದಕ್ಕೆ ಆ ಕೋಣ ಇವನನ್ನೇ ಅರ್ಧ ಮೈಲಿ ಅಟ್ಟಿಸಿಕೊಂಡು ಹೋಯಿತು. "ಯುದ್ಧದಾಗ ಬೆನ್ನು ತೋರಿಸಲಿಲ್ಲ, ಆ ಕೋಣಕ್ಕ ತೋರಿಸಿದೆ ನೋಡು" ಎಂದು ಜೊತೆಯ ಫೈರ್‌ಮನ್ ಹಯಾತನಿಗೆ ಹೇಳಿ ತಾನೇ ನಗುತ್ತಿದ್ದ.

ಎಂಬತ್ನಾಲ್ಕರಲ್ಲಿ ಹಾನಗಲ್ಲಿನಲ್ಲಿದ್ದ. ಹೋಳಿ ಬಂತು. ಕೆಂಚಿಕೊಪ್ಪದಲ್ಲಿ ಹುಣ್ಣಿಮೆಯ ಮರುದಿನ ಬೆಳಿಗ್ಗೆ ಕಾಮನನ್ನು ಸುಡುತ್ತಾರೆ. ಹೊತ್ತಿಸುವ ಬೆಂಕಿ ಕೆಳಗಿನ ಕೇರಿಯ ಒಲೆಯದೇ ಆಗಬೇಕು, ಅದೂ ಕದ್ದದ್ದೇ ಆಗಬೇಕು. ಹುಡುಗರು ಬೊಬ್ಬೆ ಹೊಡೆಯುತ್ತ ನುಗ್ಗಿ ಗುತ್ತೆವ್ವನ ಒಲೆಯಿಂದ ಕೆಂಡ ಎಗರಿಸುವುದು, ಆಕೆ ಬಾಯಿಗೆ ಬಂದಂತೆ ಬಯ್ಯುವುದು, ಎಲ್ಲ ಪದ್ಧತಿಯೇ. ಆಮೇಲೆ ಕಾಮನ ಕೆಂಡ ಒಯ್ದು ಮನೆಮನೆಯಲ್ಲೂ ಒಲೆ ಹಚ್ಚಬೇಕು, ಅಲ್ಲಿಯವರೆಗೆ ಕೆಂಡ ಕೊಡುವ ಮನೆ ಬಿಟ್ಟರೆ ಬೇರೆ ಒಲೆ ಹತ್ತುವಂತಿಲ್ಲ, ಹೋಳಿಗೆಯೂ ಇಲ್ಲ. ಎಂಥ ಚೋದ್ಯ ನೋಡಿ! ಆ ಮನೆಯ ಚಹಾ ನಡೆಯದು, ಬೆಂಕಿ ನಡೆಯುತ್ತದೆ.

ಆ ವರ್ಷ ಗಾಳಿ ಜೋರಿತ್ತು. ಕಾಮನ ಕಿಡಿ ಹಾರಿ ಮೇಲಿನ ಕೇರಿಯ ಹಿರಿಯ ಕರಬಸಪ್ಪಗೌಡರ ಬಣವೆಗೆ ಬಿತ್ತು. ತಿಳವಳ್ಳಿಯ ಪೋಸ್ಟಿನಿಂದ ಫೋನು ಹೋಯಿತು. ಬಂಬು ಬರುವತನಕ ಇಡೀ ಊರು ಕೊಡ ಹಿಡಿದು ಬಣವೆಯ ಸುತ್ತಲೇ ನಿಂತಿತ್ತು, ಕಾಮನ ಕೆಂಡ ಒಯ್ಯಲು ಯಾರಿಗೂ ಪುರುಸೊತ್ತಿರಲಿಲ್ಲ. ನೀಲಪ್ಪ ಗಾಡಿ ನಿಲ್ಲಿಸಿದ, ಹಯಾತ ಪೈಪು ಹಿಡಿದ, ಅರ್ಧ ಬಣವೆ ಉಳಿಯಿತು. ಮೂಲದ ಬೆಂಕಿ ಆರಿಸದೆ ಗಾಡಿ ತಿರುಗಿಸಬಾರದೆಂಬುದು ನೀಲಪ್ಪ ಕಲಿತ ಪಾಠ. ಇಪ್ಪತ್ತು ಹೆಜ್ಜೆ ಆಚೆ ಕಟ್ಟಿಗೆಯ ರಾಶಿ ಧಗಧಗ ಉರಿಯುತ್ತಿತ್ತು.

"ಹಯಾತ, ಅದಕ್ಕೂ ಹೊಡಿ!" ಎಂದ.

ಬುಸ್ಸೆಂದಿತು. ಕಾಮಣ್ಣ ಕರಿ ಕೆಸರಾದ.

ಊರೆಲ್ಲ ನೀಲಪ್ಪನ ಕಡೆ ತಿರುಗಿತು. ಆಗ ನೀಲಪ್ಪನಿಗೆ ತಾನು ಯಾವ ಬೆಂಕಿ ಆರಿಸಿದೆನೆಂಬುದು ತಲೆಗೆ ಹೋಯಿತು. ಗೌಡರ ಹೆಂಡತಿ ದಾನವ್ವ ಹಣೆ ಹಣೆ ಬಡಿದುಕೊಂಡಳು. "ಎಲ್ಲಾರೂ ರಾತ್ರೀನ ಹೂರಣ ರುಬ್ಬಿ ಇಟ್ಟು ಕುಂತೇವಿ, ಇನ್ನ ಒಲಿ ಹೆಂಗ ಹಚ್ಚೂದೋ ನಿನ್ನ ಬಂಬಿಗಿಷ್ಟು!"

ಹುಡುಗರು ಮತ್ತೆ ಕೆಂಡ ಕದಿಯಲು ಕೇರಿಗೆ ಓಡಿದರು. ಗುತ್ತೆವ್ವ ಹೊಸ್ತಿಲಲ್ಲೇ ಕೋಲು ಹಿಡಿದು ಕುಳಿತಿದ್ದಳು.

"ವರ್ಷಕ್ಕ ಒಂದ ಕಳುವು. ಎರಡನೇದು ಬೇಕಂದ್ರ ದೊಡ್ಡವ್ರು ಬಂದು ಕೇಳ್ಲಿ."

ನೀಲಪ್ಪ ಗಾಡಿ ಸಮೇತ ಬಂದು ಬೇಡಿಕೊಂಡ. "ಕೊಟ್ಟ ಬಿಡಬೇ ಯವ್ವಾ. ತಪ್ಪು ನಂದ ಐತಿ, ಊರ ಮಂದಿ ಉಪಾಸ ಅದಾರ."

"ನೀ ಸುಮ್ಮನಿರು. ಆರಿಸಾಂವ ನೀ, ಹಚ್ಚಾಕಿ ನಾ."

ಹೊತ್ತು ನೆತ್ತಿಗೇರಿತು, ಹೊಟ್ಟೆ ತಾಳ ಹಾಕಿತು. ಕಡೆಗೆ ಕರಬಸಪ್ಪಗೌಡರೇ ಬಂದರು, ಹಿಂದೆ ಅರ್ಧ ಊರು.

"ಗುತ್ತೆವ್ವಾ, ಬೆಂಕಿ ಕೊಡವಾ."

"ಕೊಡ್ತೇನ್ರಿ ಗೌಡ್ರ. ಕುಂದರ್ರಿ. ಚಾ ಕುಡದು ಒಯ್ಯುವಂತ್ರಿ."

ಯಾರೋ ಕೆಮ್ಮಿದರು. ಗೌಡರು ಕಟ್ಟೆ ನೋಡಿದರು, ಮಸಿ ಬಳಿದುಕೊಂಡು ನಿಂತ ನೀಲಪ್ಪನನ್ನು ನೋಡಿದರು. ಉರಿಯುವ ಲಾರಿಯಲ್ಲೂ ನೀಲಪ್ಪನ ಎದೆ ಹಾಗೆ ಹೊಡೆದುಕೊಂಡಿರಲಿಲ್ಲ. ಈಗಷ್ಟೇ ಆಯಿತು ಎನ್ನಲಿಕ್ಕೆ ಅಂದು ದಾರಿಯೂ ಇರಲಿಲ್ಲ, ಊರಿನಲ್ಲಿ ಬೇರೆ ಒಂದು ಒಲೆಯೂ ಹತ್ತಿರಲಿಲ್ಲವಲ್ಲ! ಗೌಡರು ಹೆಗಲ ಮೇಲಿನ ವಲ್ಲಿ ಸರಿಸಿ ಕಟ್ಟೆಯ ಮೇಲೆ ಕುಳಿತರು.

ನೀಲಪ್ಪ ಅಟ್ಟ ಹತ್ತಿ ಕಂಬಳಿ ಬಿಚ್ಚಿದ. ಗೌಡರು ಬಸಿಗೆ ಸುರಿದುಕೊಂಡು, ಊದಿ, ಸೊರ್ ಎಂದು ಕುಡಿದರು.

"ಸಕ್ಕರಿ ಕಮ್ಮಿ ಆತು, ಗುತ್ತೆವ್ವಾ."

"ಎಂಟ ವರ್ಷ ಕಾದ ಚಾ ರೀ ಗೌಡ್ರ. ಸಕ್ಕರಿ ಎಲ್ಲಿ ಉಳೀತೈತಿ?"

ಗೌಡರೇ ಮೊದಲು ನಕ್ಕರು. ಆಮೇಲೆ ಹನ್ನೆರಡು ಕಪ್ಪು ಸಾಲಲಿಲ್ಲ, ಹಯಾತ ತೊಳೆತೊಳೆದು ಕೊಡಬೇಕಾಯಿತು. ಕುಡಿಯದೆ ಕೆಂಡವಷ್ಟೇ ಒಯ್ದವರೂ ಇದ್ದರು, ಇಲ್ಲವೆಂದರೆ ಸುಳ್ಳಾಗುತ್ತದೆ. ಗೌಡರು ಎರಡನೇ ಬಸಿಗೆ ಕೈ ಚಾಚಿದ್ದನ್ನು ಕಂಡ ನೀಲಪ್ಪ ಬಂಬಿನ ಹಿಂದೆ ಹೋಗಿ ನಿಂತ.

"ಕಣ್ಣಿಗೆ ಹೊಗಿ ಹೊಡೀತೇನು?" ಎಂದ ಹಯಾತ.

"ಹೊಗಿ ಅಲ್ಲೋ ಮಾರಾಯ, ಅಳಾಕತ್ತೇನಿ. ಆ ಕಡೆ ನೋಡು."

ಬೇಕೆಂದೇ ಆರಿಸಿದೆಯಾ ಎಂದು ಜನ ಅವನನ್ನು ವರ್ಷಗಟ್ಟಲೆ ಕೆಣಕಿದರು. ದೇವರಾಣೆಗೂ ಇಲ್ಲ ಎನ್ನುತ್ತಿದ್ದ ನೀಲಪ್ಪ, ಮತ್ತು ಅದು ನಿಜವೇ. ಮರುವರ್ಷ ಹೋಳಿ ಹಬ್ಬಕ್ಕೆ ರಜೆ ಹಾಕಿ ಬಂದಿದ್ದ. ಬೆಳಿಗ್ಗೆ ಹುಡುಗರು ಎಂದಿನಂತೆ ಬೊಬ್ಬೆ ಹೊಡೆಯುತ್ತ ಕೇರಿಗೆ ನುಗ್ಗಿದರು. ಗುತ್ತೆವ್ವನ ಅಂಗಳ ಮುಟ್ಟಿದ ಕೂಡಲೇ ಬೊಬ್ಬೆ ನಿಂತಿತು.

"ಚಾ ಆತೇನಬೇ ಅಜ್ಜಿ?"

"ಆಗೇತಿ, ಕುಂದರ್ರಿ."

ಸಾಲಾಗಿ ಕಟ್ಟೆಯ ಮೇಲೆ ಕುಳಿತು ಮೊದಲು ಚಹಾ ಕುಡಿದರು. ಕಪ್ಪು ಕೆಳಗಿಟ್ಟು, ಆಮೇಲೆ ಬೆಂಕಿ ಕದ್ದು ಓಡಿದರು. ಗುತ್ತೆವ್ವ ಕೋಲು ಹಿಡಿದು ಬೀದಿಯ ತುದಿಯವರೆಗೂ ಬಯ್ಯುತ್ತ ಹೋದಳು.