ಚೆಲ್ಲಿದ ಆಸಿಡ್ಡಿಗೆ ಎಷ್ಟು ಸೋಡಾ

ಆ ಭಾನುವಾರ ಮಧ್ಯಾಹ್ನ ಕರೆಂಟು ಹೋಗಿತ್ತು. ತಾಟುಗಳನ್ನು ತೊಳೆದಿಟ್ಟು, ಸೆರಗಿಗೆ ಕೈ ಒರೆಸಿಕೊಳ್ಳುತ್ತ, ಸ್ವಲ್ಪ ಹೊತ್ತು ಅಡ್ಡಾಗೋಣವೆಂದು ನಡುಮನೆಗೆ ಬಂದೆ. ನನ್ನ ಮೈದುನನ ಮಗಳು ನೆಲದ ಮೇಲೆ ಕೂತು ತನ್ನ ಬಟ್ಟೆಗಳನ್ನು ಬ್ಯಾಗಿಗೆ ತುಂಬುತ್ತಿದ್ದಳು. ಒಂದೊಂದನ್ನೂ ಮಡಚಿ, ಮತ್ತೆ ಬಿಚ್ಚಿ, ಮತ್ತೆ ಮಡಚುತ್ತಿದ್ದಳು.

ನರ್ಸ್ ಆಗುತ್ತೇನೆಂದು ಹಿರೇಕೊಟ್ನೆಕಲ್‌ನಿಂದ ರಾಯಚೂರಿಗೆ ಬಂದು, ನಮ್ಮ ಮನೆಯಲ್ಲಿದ್ದುಕೊಂಡು ಪಿಯುಸಿ ಸೈನ್ಸ್ ಓದುತ್ತಿದ್ದ ಹುಡುಗಿ. ಹತ್ತನೆಯವರೆಗೆ ಕನ್ನಡ ಮಾಧ್ಯಮ. ಇಲ್ಲಿ ಎಲ್ಲವೂ ಇಂಗ್ಲಿಷ್. ಮೊದಲ ಟೆಸ್ಟಿನಲ್ಲೇ ಕೆಮಿಸ್ಟ್ರಿ ಫೇಲಾಗಿತ್ತು. ಸೋಮವಾರ ಅವರಪ್ಪ ಬಂದು ಕರೆದುಕೊಂಡು ಹೋಗಿ ಮಾನ್ವಿಯಲ್ಲಿ ಆರ್ಟ್ಸಿಗೆ ಸೇರಿಸುವುದೆಂದು ಫೋನಿನಲ್ಲೇ ತೀರ್ಮಾನವಾಗಿತ್ತು. ನಮ್ಮವರು ವಾರವಿಡೀ ದೇವದುರ್ಗದ ಆಫೀಸಿಗೆ ಬಸ್ಸಿನಲ್ಲಿ ಓಡಾಡುವವರು. ಒಳಗೆ ಮಲಗಿದ್ದರು. ಈ ವಿಷಯ ಮಾತಾಡಲೆಂದು ಭಾನುವಾರ ಅವರನ್ನು ಎಬ್ಬಿಸಲು ನನಗೆ ಮನಸ್ಸಾಗಲಿಲ್ಲ.

"ಒಂದು ಲೆಕ್ಕನಾದ್ರೂ ನನಗ ತೋರ್ಸವಾ," ಎಂದೆ. ಯಾಕೆ ಹಾಗಂದೆನೋ. ಕಾನ್ವೆಂಟಿನಲ್ಲಿ ನಾನು ಕಲಿತ ಕೆಮಿಸ್ಟ್ರಿಯಲ್ಲಿ ಉಳಿದಿದ್ದು ಲ್ಯಾಬಿನ ವಾಸನೆ ಮಾತ್ರ.

"ನಿಮಗರ ಏನ್ ತಿಳೀತದ, ದೊಡ್ಡವ್ವ?"

"ನನಗ ಇಂಗ್ಲಿಷ್ ಬರ್ತದ, ನಿನಗ ಕೆಮಿಸ್ಟ್ರಿ ಬರ್ತದ. ಇಬ್ಬರೂ ಸೇರಿದ್ರ ಒಬ್ಬ ಲೆಕ್ಚರರ್ ಆಗ್ತೀವಿ."

ಅವಳು ನಗಲಿಲ್ಲ. ಆದರೂ ಪುಸ್ತಕ ತಂದಳು. ಲ್ಯಾಬಿನಲ್ಲಿ ಆಸಿಡ್ ಚೆಲ್ಲಿದೆ, ಅದರ ಮೇಲೆ ಅಡುಗೆ ಸೋಡಾ ಉದುರಿಸಿ ಅದರ ಸುಡುವ ಗುಣ ಕಳೆಯಬೇಕು, ಎಷ್ಟು ಗ್ರಾಂ ಬೇಕು ಎಂಬ ಲೆಕ್ಕ. ಮಾಡಿದಳು, ಹದಿನೈದು ಬಂತು. ಪುಸ್ತಕದ ಕೊನೆಯಲ್ಲಿ ಕೊಟ್ಟ ಉತ್ತರ ಮೂವತ್ತು. ಅಳಿಸಿ ಮತ್ತೆ ಮಾಡಿದಳು, ಮತ್ತೆ ಹದಿನೈದೇ. ರಬ್ಬರಿನ ಕಪ್ಪು ಚೂರುಗಳು ಬೆವರಿಗೆ ಅವಳ ಅಂಗೈಗೆ ಅಂಟಿಕೊಂಡಿದ್ದವು.

"ನೋಡ್ರಿ! ಪ್ರತಿ ಸಲ ಹಿಂಗ. ಟೆಸ್ಟಿನ್ಯಾಗೂ ಹಿಂಗ ಆಯ್ತು. ನನ್ನ ತಲಿನಾ ಸರಿ ಇಲ್ಲ, ಬಿಡ್ರಿ."

ನನಗೆ ಕಣ್ಣು ಎಳೆಯುತ್ತಿತ್ತು. "ಸೋಡಾ ಎಲ್ಲಿತನಕ ಹಾಕಬೇಕು?" ಎಂದೆ, ಏನಾದರೂ ಕೇಳಬೇಕಲ್ಲ ಎಂದು.

"ನೊರಿ ನಿಲ್ಲೋತನಕ. ನೊರಿ ನಿಂತ್ರ ಆಸಿಡ್ ತೀರಿತು ಅಂತ."

"ಹಿತ್ತಲದಾಗ ಹಾಸಿದ ಪರಸಿ ಮ್ಯಾಲ ಆಸಿಡ್ ಬಿದ್ರ ಸೋಡಾ ಇಲ್ಲದನ ಬುಸ್ ಅಂತದಲ್ಲ?"

"ಪರಸಿ ಅಂದ್ರ ಸುಣ್ಣದ ಕಲ್ಲು, ದೊಡ್ಡವ್ವ. ಕಲ್ಲನ್ನೇ ತಿಂತದ ಅದು." ಹೇಳುವಾಗ ಅವಳ ದನಿ ಬೇರೆಯಾಗಿತ್ತು. ನನ್ನ ಹಿತ್ತಲಿನ ಬಿಳಿ ಕಲೆಗಳಿಗೆ ಇಷ್ಟು ವರ್ಷ ಯಾರೂ ಕಾರಣ ಹೇಳಿರಲಿಲ್ಲ.

ಪುಸ್ತಕ ಇಸಿದುಕೊಂಡು ಪ್ರಶ್ನೆಯನ್ನು ನಿಧಾನವಾಗಿ, ಒಂದೊಂದೇ ಪದ ಬಿಡಿಸಿ ಓದಿದೆ. ಆಸಿಡ್ಡಿನ ಹಿಂದೆ ಸಲ್ಫ್ಯೂರಿಕ್ ಎಂದಿತ್ತು.

"ಈ ಸಲ್ಫ್ಯೂರಿಕ್ ಅಂದ್ರ ನಾವು ಗಾಡಿಯಾಂವನ ಕಡಿ ತೊಗೋತೀವಲ್ಲ, ಬಚ್ಚಲಾ ತಿಕ್ಕೋದು, ಅದನಾ?"

"ಅಲ್ರಿ, ಅದು ಹೈಡ್ರೋಕ್ಲೋರಿಕ್. ಇದು ಇನ್ವರ್ಟರ್ ಬ್ಯಾಟರ್ಯಾಗ..." ಎಂದವಳು ಅಲ್ಲಿಗೇ ನಿಂತಳು. ಪೆನ್ಸಿಲ್ಲಿನ ತುದಿಯನ್ನು ಹಲ್ಲಿಗಿಟ್ಟುಕೊಂಡು ತಾನೇ ಬರೆದ ಸಮೀಕರಣವನ್ನು ನೋಡಿದಳು. "ಯವ್ವಾ! ನಾ ಬಚ್ಚಲಾ ತಿಕ್ಕೋದಕ್ಕ ಬರ್ದೀನಿ!"

ಆಸಿಡ್ ಎಂದರೆ ನಮ್ಮ ಮನೆಗಳಲ್ಲಿ ಅದೊಂದೇ. ಹಳೆಯ ಬಾಟಲಿಯಲ್ಲಿ, ತಳ್ಳುಗಾಡಿಯ ಮೇಲೆ, ಬೀದಿಗೆ ಬರುವುದು. ಅವಳ ಕೈ ತಾನಾಗಿ ಅದನ್ನೇ ಬರೆದಿತ್ತು. ಅದರಲ್ಲಿ ಹೈಡ್ರೋಜನ್ ಒಂದೇ, ಬ್ಯಾಟರಿಯದರಲ್ಲಿ ಎರಡು. ಹಾಗಾಗಿ ಸೋಡಾ ಎರಡರಷ್ಟು ಬೇಕು ಎಂದು ಅವಳೇ ನನಗೆ ಬಿಡಿಸಿ ಹೇಳಿದಳು. ನನಗೆ ಅರ್ಧ ತಿಳಿಯಿತು. ಈ ಸಲ ಮೂವತ್ತು ಬಂತು.

ಅವಳು ಕುಣಿಯಲಿಲ್ಲ. ಉತ್ತರದ ಕೆಳಗೆ ಗೆರೆ ಎಳೆದಳು. ಆಮೇಲೆ ನನ್ನ ಫೋನು ಕೇಳಿದಳು.

"ಯಪ್ಪಾ, ನಾಳಿ ಬರಬ್ಯಾಡ... ಇಲ್ಲ, ಯಾರೂ ಏನೂ ಅಂದಿಲ್ಲ... ಇನ್ನೊಂದು ಟೆಸ್ಟ್ ಬರೀತೀನಿ. ಅದರಾಗೂ ಹೋದ್ರ ನಾನ ಬಸ್ ಹತ್ತಿ ಬರ್ತೀನಿ."

ಆ ಕಡೆಯಿಂದ ನನ್ನ ಮೈದುನನ ದನಿ ಗಟ್ಟಿಯಾಗಿಯೇ ಕೇಳಿಸಿತು: "ಮೊದ್ಲ ಹೇಳಬಾರ್ದೇನಬೇ? ನಾಳಿಗೆ ನನ್ನ ಬದ್ಲಿ ಆಳಿಗೆ ಹೇಳಿ ಕೆಲಸ ಬಿಟ್ಟು ಕುಂತೀನಿ!" ಬೈಗುಳವೋ, ಸಮಾಧಾನವೋ, ಗೊತ್ತಾಗಲಿಲ್ಲ.

ನಾನು ದಿಂಬು ಎಳೆದುಕೊಂಡು ನೆಲದ ಮೇಲೆಯೇ ಅಡ್ಡಾದೆ. ಸೊಂಟ ಸಿಡಿಯುತ್ತಿತ್ತು. ಅವಳು ಮುಂದಿನ ಲೆಕ್ಕವನ್ನು ಇಂಗ್ಲಿಷಿನಲ್ಲಿ ತಡವರಿಸುತ್ತ ಓದತೊಡಗಿದ್ದಳು. ಒಂದು ಪದ ಬಂದಲ್ಲಿ ನಿಂತು ನನ್ನ ಕಡೆ ನೋಡಿದಳು. ಕಣ್ಣು ಮುಚ್ಚಿಕೊಂಡೇ ಅರ್ಥ ಹೇಳಿದೆ.