ಹಾಳೆ ಮಗುಚಿದ ಮರುದಿನ

ಮೊನ್ನೆ ಬೆಳಿಗ್ಗೆ ಅಡುಗೆಮನೆಯಲ್ಲಿ ನಾವು ಮೂವರೇ ಇದ್ದೆವು. ಮೊಮ್ಮಗಳು ದೋಸೆ ತಿನ್ನುತ್ತಿದ್ದಳು, ನಾನು ಮಾತ್ರೆ ನುಂಗಲು ನೀರಿನ ಲೋಟ ಹಿಡಿದಿದ್ದೆ, ಸೊಸೆ ಗೋಡೆಯ ಕ್ಯಾಲೆಂಡರಿನ ಹಾಳೆ ಮಗುಚಿದಳು. ಕಾಗದದ ಆ ಸದ್ದಿಗೆ ಅರವತ್ತು ವರ್ಷದ ಹಿಂದಿನ ಹೊನ್ನಾವರದ ನಮ್ಮ ಹಿಂಬದಿಯ ಜಗುಲಿ ಕಣ್ಣಿಗೆ ಬಂತು... ಅದರ ಹಿಂದೆಯೇ ನಮ್ಮ ಅಕ್ಕೋರು ಬಂದರು. ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ನಾವೆಲ್ಲ ಕರೆಯುತ್ತಿದ್ದದ್ದೇ ಹಾಗೆ. ಇವರು ನಮಗೆ ವಿಜ್ಞಾನ ಹೇಳುತ್ತಿದ್ದರು.

ತಾಯಿಯಿಲ್ಲದ ನನ್ನನ್ನು ಸಾಕಿದವಳು ಅಜ್ಜಿ. ಹದಿನಾರು ತುಂಬಿದರೂ ನಾನು ದೊಡ್ಡವಳಾಗಿರಲಿಲ್ಲ. ಜೊತೆಯವರೆಲ್ಲ ಆಗಿ ಎರಡು ಮೂರು ವರ್ಷವಾಗಿತ್ತು. ಭಟ್ಕಳದ ಕಡೆಯ ಗಂಡಿನವರೊಬ್ಬರು ದೀಪಾವಳಿ ಕಳೆದು ನೋಡಲು ಬರುವವರಿದ್ದರು. ವಿಷಯ ಗೊತ್ತಾದರೆ ಅವರಿರಲಿ, ಬೇರೆ ಯಾರೂ ಈ ಮನೆಯ ಮೆಟ್ಟಿಲು ಹತ್ತುವುದಿಲ್ಲವೆಂದು ಅಜ್ಜಿಗೆ ಹೆದರಿಕೆ. ಅವಳು ಒಂದು ಉಪಾಯ ಮಾಡಿದಳು. ಆಗಿದೆಯೆಂದು ಸುದ್ದಿ ಹಬ್ಬಿಸಿ, ತಿಂಗಳು ತಿಂಗಳು ನನ್ನನ್ನು ಮೂರು ದಿನ ಹೊರಗೆ ಕೂರಿಸತೊಡಗಿದಳು. ಬೇರೆ ಚಾಪೆ, ಬೇರೆ ತಾಟು, ಯಾರೂ ಮುಟ್ಟುವಂತಿಲ್ಲ. ಓದು ಬಾರದ ಅವಳಿಗೆ ಕ್ಯಾಲೆಂಡರಿನ ಹಾಳೆಯೇ ಗುರುತು. ಹಾಳೆ ಮಗುಚಿದ ಮರುದಿನ, “ಕೂಸೇ, ಹೊರಗೆ ಕೂತ್ಗ ಹೋಗು. ಯಾರತ್ರೂ ಹೇಳಡ.”

ಸುಳ್ಳಿನ ಮೈಲಿಗೆಯಲ್ಲಿ ಕೂತು ನಾನು ಅಳುತ್ತಿದ್ದೆ. ನಿಜಕ್ಕೂ ನನಗೆ ಏನೋ ಕೊರತೆಯಿದೆಯೆಂದು ರಾತ್ರಿ ಹಗಲು ಅದೇ ಯೋಚನೆ.

ಅಕ್ಕೋರಿಗೆ ಗುಟ್ಟು ಹೇಳಿದ್ದು ಹಾಜರಿ ಪುಸ್ತಕ. ಬೇರೆ ಹುಡುಗಿಯರ ರಜೆ ಒಂದು ತಿಂಗಳು ಹತ್ತಕ್ಕೆ, ಇನ್ನೊಂದು ತಿಂಗಳು ಹದಿನಾಲ್ಕಕ್ಕೆ, ಮತ್ತೊಮ್ಮೆ ಇಲ್ಲವೇ ಇಲ್ಲ. ನನ್ನದು ಮಾತ್ರ ಯಾವಾಗಲೂ ಎರಡು, ಮೂರು, ನಾಲ್ಕು. ಮೈ ಅಷ್ಟು ಶಿಸ್ತಿನದಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಒಂದು ತಿಂಗಳ ನಾಲ್ಕನೇ ತಾರೀಖು ಶಾಲೆ ಬಿಟ್ಟವರು ಸೀದಾ ನಮ್ಮ ಹಿತ್ತಿಲಿಗೆ ಬಂದರು. ಎಂತ, ಏನು ಎನ್ನದೆ ನನ್ನ ಪಕ್ಕ ಕೂತು ಕುತ್ತಿಗೆಯ ಮೇಲೆ ಎರಡು ಬೆರಳಿಟ್ಟರು.

“ಅಯ್ಯೋ ಅಕ್ಕೋರೇ, ಮುಟ್ಟಡಿ! ಕೂಸು ಹೊರಗಿದ್ದು!” ಅಜ್ಜಿ ಒಳಗಿನಿಂದ ಓಡಿಬಂದಳು.

ಅಕ್ಕೋರು ಬೆರಳು ತೆಗೆಯಲಿಲ್ಲ. “ಮುಟ್ಟಿದ್ದಕ್ಕೆ ನಾ ಮೀಯ್ಬೇಕಾ ಅಮ್ಮ? ನೀವು ಹೇಳಿದ್ರೆ ಈಗ್ಲೇ ಬಾವಿಕಟ್ಟೆಗೆ ಹೋಗ್ತೆ.”

ಹೌದೆಂದರೆ ಅಕ್ಕೋರನ್ನು ಸುಳ್ಳಿಗೆ ಮೀಯಿಸಿದ ಹಾಗೆ, ಬೇಡವೆಂದರೆ ಗುಟ್ಟು ಒಪ್ಪಿಕೊಂಡ ಹಾಗೆ. ಕೊನೆಗೆ ಅಜ್ಜಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಹೊಸ್ತಿಲ ಮೇಲೇ ಕುಸಿದಳು.

ಅಕ್ಕೋರು ಗದರಲಿಲ್ಲ. ಅಜ್ಜಿಗೆ ಯಕ್ಷಗಾನದ ಹುಚ್ಚೆಂದು ಊರಿಗೇ ಗೊತ್ತು. “ಕರ್ಕಿಯಲ್ಲಿ ಆಟ ನೋಡಿದ್ದೀರಲ್ಲ ಅಮ್ಮ? ಪದ ಹಾಡುವ ಭಾಗವತರು ಕುಣಿಯೂದಿಲ್ಲ, ಬಣ್ಣ ಹಚ್ಚೂದಿಲ್ಲ. ಆದ್ರೆ ಅವರು ಪದ ಎತ್ತದೆ ಯಾವ ವೇಷವೂ ಬಣ್ಣದ ಚೌಕಿಯಿಂದ ಹೊರಗೆ ಬತ್ತದಾ? ನಮ್ಮ ತಲೆಯೊಳಗೂ ಅಂಥಾ ಭಾಗವತರೊಬ್ರಿದ್ದಾರೆ, ಬಟಾಣಿಕಾಳಿನಷ್ಟು ಗ್ರಂಥಿ. ಅವರ ಪದಕ್ಕೆ ಹಾರ್ಮೋನು ಅಂತಾರೆ, ರಕ್ತದಲ್ಲೇ ಹೋಗ್ತದೆ. ಕುತ್ತಿಗೆಯ ಗ್ರಂಥಿಗೊಂದು ಪದ, ಗರ್ಭಕೋಶದ ಪಕ್ಕದ ಅಂಡಾಶಯಕ್ಕೊಂದು ಪದ. ವೇಷ ಬಂತೋ, ಆ ಪದ ಸಾಕು ಅಂತ ನಿಲ್ಲಿಸ್ತಾರೆ. ಈ ಹುಡುಗಿಯ ಕುತ್ತಿಗೆಯದು ಮಲಗಿದ ಹಾಗೆ ಕಾಣ್ತದೆ. ಭಾಗವತರು ಕರೆದೇ ಕರೀತಾರೆ, ಅದು ಏಳದೆ ಬರೀ ಊದ್ತದೆ. ಅದು ಏಳದಿದ್ರೆ ಉಳಿದ ವೇಷಗಳ ಪ್ರವೇಶವೂ ತಡ.”

“ಹಂಗಾರೆ... ಕೂಸು ಬಂಜೆ ಅಲ್ದಾ?” ಅಜ್ಜಿ ಕೇಳಿದಳು.

“ಆಟ ಈಗಷ್ಟೇ ಶುರು ಅಮ್ಮ. ನೀವು ಮಂಗಳ ಹಾಡಿಬಿಟ್ರಲ್ಲ!”

ನನಗೆ ಯಾವಾಗಲೂ ಚಳಿ, ತರಗತಿಯಲ್ಲಿ ತೂಕಡಿಕೆ, ಮುಖ ಊದಿದ ಹಾಗೆ. ಸೋಮಾರಿಯೆಂದು ಬೈಸಿಕೊಂಡದ್ದೆಲ್ಲ ಕುತ್ತಿಗೆಯ ಆ ಗ್ರಂಥಿಯ ಕೆಲಸವೆಂದು ಕುಮಟೆಯ ಲೇಡಿ ಡಾಕ್ಟರು ಹೇಳಿದರು. ಬಸ್ಸಿನಲ್ಲಿ ನನ್ನನ್ನು ಕರೆದುಕೊಂಡು ಹೋದವರೂ ಅಕ್ಕೋರೇ. ದಿನಾ ನುಂಗಲು ಮಾತ್ರೆ ಕೊಟ್ಟರು. ಪ್ರಾಣಿಯ ಗ್ರಂಥಿಯನ್ನು ಒಣಗಿಸಿ ಮಾಡಿದ ಮಾತ್ರೆ ಅದು. ಅದನ್ನು ಅಕ್ಕೋರು ಅಜ್ಜಿಯಿಂದ ಮುಚ್ಚಿಡಲಿಲ್ಲ. ಈರುಳ್ಳಿಯನ್ನೂ ಮುಟ್ಟದ ಅಜ್ಜಿ ಕಟ್ಟೆಯಿಂದ ಒಂದು ತುಳಸಿ ಎಲೆ ಕೊಯ್ದು ತಂದು, ಅದರ ಮೇಲೆ ಮಾತ್ರೆಯಿಟ್ಟು, “ನುಂಗು” ಎಂದಳು. ಗಂಡಿನವರಿಗೆ, ಕೂಸಿನ ಓದು ಮುಗಿಯಲಿ ಎಂದು ಹೇಳಿಕಳಿಸಿದಳು. ಹಾಳೆ ಮಗುಚಿದರೂ ನನ್ನನ್ನು ಹೊರಗೆ ಕೂರಿಸುವುದು ಅಂದಿಗೆ ನಿಂತಿತು.

ಎಂಟು ತಿಂಗಳ ಮೇಲೆ ಒಂದು ಮಧ್ಯಾಹ್ನ ನಾನು ಹೆದರುತ್ತ ಅಜ್ಜಿಯ ಕಿವಿಯಲ್ಲಿ ಹೇಳಿದೆ. ಅಭ್ಯಾಸಬಲ ನೋಡಿ, ಅವಳು ಮೊದಲು ತಿರುಗಿದ್ದು ಗೋಡೆಯ ಕಡೆ. “ಹಾಳೆ ಇನ್ನೂ ಮಗ್ಚಿದ್ದಿಲ್ಲೆ, ಈಗೆಂತಕ್ಕೆ ಬಂತೇ?” ಎಂದವಳು, ಮರುಕ್ಷಣ ನನ್ನನ್ನು ಅಪ್ಪಿಕೊಂಡು ಅತ್ತೇ ಅತ್ತಳು. ಮುಟ್ಟಬಾರದ ದಿನವೇ ಮುಟ್ಟಿಬಿಟ್ಟಳು! ಅಕ್ಕೋರಿಗೆ ಡಬ್ಬಿ ತುಂಬ ಎಳ್ಳುಂಡೆ ಹೋಯಿತು.

ಮುಂದೆ ಅಕ್ಕೋರಿಗೆ ಭಟ್ಕಳಕ್ಕೆ ವರ್ಗವಾಯಿತು. ನನ್ನ ಮದುವೆಯಾಗಿ ಚೊಚ್ಚಲ ಮಗನನ್ನು ಎತ್ತಿಕೊಂಡು, ಲಾಂಚಿನಲ್ಲಿ ಶರಾವತಿ ದಾಟಿ ಅವರನ್ನು ನೋಡಲು ಹೋಗಿದ್ದೆ. ಮಗುವಿನ ಮುಖ ನೋಡುವ ಮೊದಲು ನನ್ನ ಕುತ್ತಿಗೆಗೆ ಎರಡು ಬೆರಳಿಟ್ಟು ಕೇಳಿದರು, “ಮಾತ್ರೆ ತಪ್ಪಿಸೂದಿಲ್ಲ ಅಲ್ಲ?” ಅದೇ ಕೊನೆಯ ಭೇಟಿ... ಇಂದಿಗೂ ತಪ್ಪಿಸಿಲ್ಲ. ಈಗಿನ ಮಾತ್ರೆಯಲ್ಲಿ ಪ್ರಾಣಿಯದೇನೂ ಇಲ್ಲವಂತೆ, ಆದರೂ ಒಂದು ತುಳಸಿ ಎಲೆ ಇರುತ್ತದೆ. ಕೇಳುವ ಬೆರಳುಗಳಿಲ್ಲ, ಅಷ್ಟೆ.

ಅಕ್ಕೋರು ತೀರಿಕೊಂಡರೆಂಬ ಕಾರ್ಡು ಬಂದಾಗ ನಾನು ತವರಲ್ಲಿದ್ದೆ. ಅಜ್ಜಿಗೆ ಓದಿ ಹೇಳಿದೆ. ಅವರು ನಮ್ಮ ಜಾತಿಯವರಲ್ಲ, ನಂಟರಲ್ಲ, ಸೂತಕವಾಗಲಿ ಸ್ನಾನವಾಗಲಿ ನಮಗಿರಲಿಲ್ಲ. ಅಜ್ಜಿ ಎದ್ದು ಬಾವಿಕಟ್ಟೆಗೆ ಹೋಗಿ, ನೀರು ಸೇದಿ ತಲೆಯ ಮೇಲೆ ಸುರಿದುಕೊಂಡು, ಒದ್ದೆ ಸೀರೆಯಲ್ಲೇ ಬಂದು ಜಗುಲಿಯಲ್ಲಿ ಕೂತಳು.