ಐದು ಹನಿ ಹೆಚ್ಚು

ಕುಳಿತೇ ನಿದ್ದೆ ಮಾಡುವವರನ್ನು ಕಂಡರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಬಸ್ಸಿನಲ್ಲಿ ಪಕ್ಕದವರು ತೂಕಡಿಸಿದರೂ ಉಸಿರಾಡುತ್ತಿದ್ದಾರೋ ಇಲ್ಲವೋ ಎಂದು ಕಳ್ಳನೋಟದಿಂದ ನೋಡುತ್ತೇನೆ. ಇದಕ್ಕೆ ಕಾರಣ ನನ್ನ ಸೋದರತ್ತೆ ನೀಲವ್ವ.

ಎರಡನೆಯ ಮಹಾಯುದ್ಧದ ವರ್ಷಗಳು. ನಾನು ಸವಣೂರಿನಲ್ಲಿ ಗಣಿತದ ಮಾಸ್ತರ. ವಿಧವೆ ಅತ್ತೆ ನಮ್ಮ ಜೊತೆಗಿದ್ದಳು. ಅವಳ ಕಾಲು ಬಾತಿದ್ದವು. ಮಲಗಿದರೆ ಉಸಿರು ಕಟ್ಟುತ್ತಿದ್ದುದರಿಂದ ಸದಾ ಗೋಡೆಗೊರಗಿ ಕುಳಿತಿರುತ್ತಿದ್ದಳು. ನಮ್ಮ ಮಂದಿ ಸತ್ತವರನ್ನು ಹೂಳುವ ಮುನ್ನ ಕೂಡಿಸುವುದೂ ಹೀಗೆಯೇ. ಹಣೆಗೆ ವಿಭೂತಿ ಹಚ್ಚಿ ಕಣ್ಣು ಮುಚ್ಚಿದ್ದವಳನ್ನು ಕಂಡು ನೆರೆಯಾಕೆ ಒಮ್ಮೆ ಅಳತೊಡಗಿದಳು. ಅತ್ತೆ ಕಣ್ಣು ತೆರೆದು, "ಇನ್ನೂ ಜೀವಂತ ಅದೇನಿ, ಕುಂಡ್ರು" ಎಂದಳು.

ಶಿಗ್ಗಾವಿಯಿಂದ ಬಂದ ಡಾಕ್ಟರರು ಎದೆಗೆ ನಳಿಕೆ ಇಟ್ಟು ಕೇಳಿ, ಗುಂಡಿಗೆ ಸೋತು ಮೈಯಲ್ಲಿ ನೀರು ನಿಂತಿದೆ ಎಂದರು. ಪರದೇಶದ ಗಿಡವೊಂದರ ಎಲೆಯಿಂದ ಮಾಡಿದ ಔಷಧ ಕೊಟ್ಟರು. ಹೊತ್ತಿಗೆ ಹತ್ತು ಹನಿ. ಹನಿ ಹಾಕುವ ಕೆಲಸ ನನ್ನದು. ವಾರದಲ್ಲಿ ಬಾವು ಇಳಿದು, ಎಷ್ಟೋ ತಿಂಗಳ ಮೇಲೆ ಅತ್ತೆ ಕಾಲು ಚಾಚಿ ಮಲಗಿದಳು. ಹತ್ತಕ್ಕೆ ಇಷ್ಟು ಗುಣವಾದರೆ ಹದಿನೈದಕ್ಕೆ ಎಷ್ಟಾದೀತು? ಗಣಿತದವನ ಲೆಕ್ಕ. ಯಾರಿಗೂ ಹೇಳದೆ ಹದಿನೈದು ಹಾಕತೊಡಗಿದೆ.

ಅತ್ತೆ ಊಟ ಬಿಟ್ಟಳು. ಒಂದು ಮಧ್ಯಾಹ್ನ ನನ್ನನ್ನೇ ದಿಟ್ಟಿಸಿ, "ನಿನ್ನ ಮಾರಿಗೆ ಅರಿಷಿಣ ಯಾರು ಹಚ್ಯಾರೊ?" ಎಂದಳು. ಗೋಡೆ, ಹಾಲು, ವಿಭೂತಿ, ಅವಳಿಗೆ ಎಲ್ಲವೂ ಹಳದಿ. ಆಮೇಲೆ ನನ್ನ ಬೆನ್ನ ಹಿಂದೆ ನೋಡುತ್ತ, "ಬಾಗಿಲದಾಗ ನಿಂತಾರಲ್ಲ, ಒಳಗ ಬರ್ರಿ ಅನ್ನು" ಎಂದಳು.

"ಯಾರತ್ತಿ?"

"ನಿಮ್ಮ ಮಾಮಾ. ಅವರೂ ಹಳದಿ ಆಗ್ಯಾರ."

ಮಾಮಾ ಎಂದರೆ ಅತ್ತೆಯ ಗಂಡ; ತೀರಿ ಹನ್ನೆರಡು ವರ್ಷವಾಗಿತ್ತು. ತಿರುಗಿ ನೋಡಲು ನನ್ನ ಕುತ್ತಿಗೆ ಒಪ್ಪಲಿಲ್ಲ. ಕೊನೆಗೆ ನೋಡಿದಾಗ ಹೊಸ್ತಿಲ ಮೇಲೆ ಬಿಸಿಲು ಮಾತ್ರ ಇತ್ತು. ಅದನ್ನು ದಾಟಲು ಧೈರ್ಯವಾಗದೆ ಹಿತ್ತಲಿನಿಂದ ಹೊರಬಿದ್ದು, ಸೈಕಲ್ ಹತ್ತಿ ಶಿಗ್ಗಾವಿಗೆ ಓಡಿದೆ.

ಡಾಕ್ಟರರು ಎಲ್ಲ ಕೇಳಿ, "ಎಷ್ಟು ಹನಿ ಹಾಕ್ತಿದ್ರಿ?" ಎಂದರು.

"ಹತ್ತರಿ."

"ಹಳದಿ ಕಾಣಾಕತ್ತೈತಿ ಅಂದ್ರ ಹತ್ತಲ್ಲ, ಮಾಸ್ತರ."

ನಾನು ತಲೆ ತಗ್ಗಿಸಿ ಒಪ್ಪಿಕೊಂಡೆ. ಅವರು ಬೈಯಲಿಲ್ಲ. "ಔಷಧ ಇವತ್ತ ನಿಲ್ಲಸ್ರಿ. ಇದು ಬದುಕಸೂ ಅಳತಿಗೂ ಕೊಲ್ಲೂ ಅಳತಿಗೂ ಭಾಳ ಅಂತರ ಇಲ್ಲ" ಎಂದರು.

ನಿಲ್ಲಿಸಿದೆವು. ಹಾಲು ಬೆಳ್ಳಗಾಗಲು ಎಂಟು ದಿನ ಹಿಡಿಯಿತು. ಡಾಕ್ಟರರು ಬಂದು ನಾಡಿ ನೋಡಿ, ಮತ್ತೆ ಕಡಿಮೆ ಅಳತೆಯಲ್ಲಿ ಶುರು ಮಾಡಿಸಿದರು. ಆಮೇಲೆ ಅತ್ತೆ ಮೂರು ವರ್ಷ ಬದುಕಿದಳು.

ಅವಳು ಚೇತರಿಸಿಕೊಂಡ ಮೇಲೆ ಒಂದು ದಿನ ಪಕ್ಕದಲ್ಲಿ ಕುಳಿತು ತಪ್ಪು ಹೇಳಿಕೊಂಡೆ. ಅತ್ತೆ ಎಲೆಗೆ ಸುಣ್ಣ ಹಚ್ಚುತ್ತ ಅಂದಳು:

"ಗೊತ್ತಿತ್ತೊ. ದಿನಾ ಎಣಿಸ್ತಿದ್ದೆ. ನೀ ಅಷ್ಟು ಅಕ್ಕರತಿಲೆ ಹಾಕಾಕತ್ತಿದ್ದಿ, ಬ್ಯಾಡ ಅನ್ನಾಕ ಮನಸ್ಸಾಗಲಿಲ್ಲ."